ಗುಡ್ಡದ ಮನೆಗೆ ಹಾರಿಬರುವ ಕಿಡಿ: ಮೊದಲು ಏನು ಮಾಡಬೇಕು?

ಪ್ರಶ್ನೆ: ಮನೆ ಇಳಿಜಾರಿನ ಮೇಲಿದೆ, ಕೆಳಗೆಲ್ಲ ಒಣಹುಲ್ಲು. ಕಾಳ್ಗಿಚ್ಚಿನಿಂದ ಮನೆ ಉಳಿಸಲು ಸುತ್ತಲ ಮರಗಳನ್ನು ಕಡಿಸಬೇಕೇ? ಚಾವಣಿಗೆ ಸ್ಪ್ರಿಂಕ್ಲರ್ ಸಾಕೇ?

ಉತ್ತರ 1: ಮರಕ್ಕಿಂತ ಮೊದಲು ಗಾಳಿಕಿಂಡಿ ನೋಡಿ. ಕಿಡಿ ಒಳನುಗ್ಗಿದರೆ ಮನೆ ಒಳಗಿನಿಂದಲೇ ಉರಿಯುತ್ತದೆ. 3 ಮಿ.ಮೀ. ಕಣ್ಣಿನ ಲೋಹದ ಜಾಲರಿ ಹಾಕಿ. ಪ್ಲಾಸ್ಟಿಕ್ ಜಾಲರಿ ಕರಗಿಹೋಗುತ್ತದೆ. ಗೋಡೆಯಿಂದ 1.5 ಮೀಟರ್‌ವರೆಗೆ ಜಲ್ಲಿ ಅಥವಾ ಕಾಂಕ್ರೀಟ್ ಮಾತ್ರ ಇರಲಿ, ನಾರಿನ ಕಾಲೊರಸು ಕೂಡ ಬೇಡ. ಚಾವಣಿಯಂಚಿನ ದೋಣಿಯಲ್ಲಿ ತರಗೆಲೆ ಉಳಿಸಬೇಡಿ.

ಉತ್ತರ 2: ಸ್ಪ್ರಿಂಕ್ಲರನ್ನೇ ನೆಚ್ಚಬೇಡಿ. ಬಿರುಗಾಳಿ ನೀರನ್ನು ಚದುರಿಸುತ್ತದೆ, ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ಮೇಲೇರುವ ಬೆಂಕಿಯ ವೇಗ ಸುಮಾರು ಇಮ್ಮಡಿ. ಹಾಗಾಗಿ ಕೆಳಬದಿಯ ಹುಲ್ಲನ್ನು 10 ಸೆಂ.ಮೀ.ಗೆ ಕತ್ತರಿಸಿ. ಬೇರು ಕೀಳಬೇಡಿ, ಮಳೆಗೆ ಮಣ್ಣು ಜಾರುತ್ತದೆ.

ಉತ್ತರ 3: ಸೌದೆ ರಾಶಿ ಕನಿಷ್ಠ 10 ಮೀಟರ್ ದೂರವಿರಲಿ.