ಪದ ಬೇಕು: ‘ಡೆಪ್ತ್ ಆಫ್ ಫೀಲ್ಡ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಅಚ್ಚಿಗೆ ಹೋಗಬೇಕು)

ಎಲ್ಲರಿಗೂ ನಮಸ್ಕಾರ. ಮದುವೆ ಫೋಟೋ ತೆಗೆಯುವ ಹುಡುಗರಿಗೆ ಎರಡು ಪುಟದ ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ವೈಡ್ ಲೆನ್ಸಿನಲ್ಲಿ ಗ್ರೂಪ್ ಫೋಟೋ ತೆಗೆದರೆ ಹಿಂದಿನ ಸಾಲು ಮಸುಕಾಗದಂತೆ ಏನು ಮಾಡಬೇಕು ಅನ್ನೋದು ವಿಷಯ. ಸಿಕ್ಕಿಬಿದ್ದ ವಾಕ್ಯ ಇದು: ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸ್, ಎಫ್ 8 (ಬೆಳಕು ಒಳಬಿಡುವ ಕಿಂಡಿಯ ಅಳತೆ) ಇಟ್ಟು 2.4 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 1.2 ಮೀಟರಿನಿಂದ ಹಿಂದಕ್ಕೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಈ ‘ಸ್ಪಷ್ಟವಾಗಿರುವ ದೂರ’ಕ್ಕೆ ಒಂದೇ ಪದ ಬೇಕು. ‘ಕ್ಷೇತ್ರದ ಆಳ’ ಬರೆದು ಹೊಡೆದು ಹಾಕಿದೆ.

———

ಹೊಡೆದು ಹಾಕಿದ್ದು ಒಳ್ಳೆಯದಾಯಿತು. ಓದಿದವರು ಯಾವ ಕ್ಷೇತ್ರ, ವಿಧಾನಸಭೆಯದಾ ಎಂದು ಕೇಳುತ್ತಾರೆ. ‘ನಿಚ್ಚಳದ ಹರವು’ ಎನ್ನಿ. ಅಚ್ಚಗನ್ನಡ.

ಇನ್ನೊಂದು ಮಾತು. ಲೆನ್ಸಿಗೆ ‘ಮಸೂರ’ ಅಂತ ಬರೆಯಬೇಡಿ, ‘ಚನ್ನಂಗಿ’ ಎಂದೇ ಬರೆಯಿರಿ. ಲ್ಯಾಟಿನ್‌ನಲ್ಲಿ ಲೆನ್ಸ್ ಅಂದರೆ ಬೇಳೆ, ಸಂಸ್ಕೃತದ ಮಸೂರವೂ ಅದೇ ಬೇಳೆ. ನಮ್ಮ ಅಡಿಗೆಮನೆಯಲ್ಲಿ ಅದು ಚನ್ನಂಗಿ. ಫೋಕಸ್ ಎಂಬುದೂ ಲ್ಯಾಟಿನ್‌ನ ಒಲೆ. ಕೆಪ್ಲರ್ 1604ರಲ್ಲಿ ಆ ಒಲೆಯನ್ನೇ ಶಾಸ್ತ್ರಕ್ಕೆ ತಂದ. ಅವರಿಗೆ ಇಲ್ಲದ ನಾಚಿಕೆ ನಮಗೇಕೆ?

———

> ಅಚ್ಚಗನ್ನಡ.

ಅಲ್ಲ. ‘ನಿಚ್ಚಳ’ ಬಂದದ್ದು ‘ನಿಶ್ಚಲ’ದಿಂದ, ‘ಆಶ್ಚರ್ಯ’ ‘ಅಚ್ಚರಿ’ ಆದ ಹಾಗೆ. ತದ್ಭವ ಎಲ್ಲವನ್ನೂ ಅಚ್ಚಗನ್ನಡ ಎಂದು ಮುದ್ರೆ ಒತ್ತುವ ಚಾಳಿ ಬಿಡಿ. ಹಾಗೆ ನೋಡಿದರೆ ಇಲ್ಲಿಗೆ ಪದ ಸರಿಯಾಗೇ ಹೊಂದುತ್ತದೆ. ಗ್ರೂಪ್ ಫೋಟೋದಲ್ಲಿ ನಿಶ್ಚಲ ಇದ್ದವನೇ ನಿಚ್ಚಳ!

———

ಸಾವಿರ ವರ್ಷ ನಾಲಿಗೆ ಮೇಲೆ ಉರುಳಿದ್ದು ನಮ್ಮದೇ ಸ್ವಾಮಿ. ತತ್ಸಮಕ್ಕೂ ಅದಕ್ಕೂ ವ್ಯತ್ಯಾಸ ಕಾಣದಿದ್ದರೆ ಕನ್ನಡಕ ಬದಲಾಯಿಸಿ. ಚನ್ನಂಗಿ ಬೇಳೆಯದಾದರೂ ಸರಿ.

———

ಇಪ್ಪತ್ತು ವರ್ಷದಿಂದ ಮದುವೆ ಫೋಟೋ ತೆಗೀತಿದೀನಿ, ಒಂದು ಮಾತು ಹೇಳ್ತೀನಿ. ‘ಹರವು’ ಅಂದ್ರೆ ನಮ್ಮ ಹುಡುಗರು ಎಡದಿಂದ ಬಲಕ್ಕೆ ಅಂದ್ಕೋತಾರೆ. ವೈಡ್ ಲೆನ್ಸ್ ಬೇರೆ, ಕೇಳಬೇಕಾ. ನೀವು ಹೇಳ್ತಿರೋದು ಮುಂದಿನಿಂದ ಹಿಂದಕ್ಕೆ. ಅದಕ್ಕೆ ‘ಆಳ’ನೇ ಸರಿ.

ಕೈಪಿಡಿಯಲ್ಲಿ ಇದನ್ನೂ ಸೇರಿಸಿ. ಎಫ್ 8 ಇಟ್ಟ ಮಾತ್ರಕ್ಕೆ ಆಗೋದಿಲ್ಲ. ಕಲ್ಯಾಣ ಮಂಟಪದ ಬೆಳಕಲ್ಲಿ ಶಟರ್ ನಿಧಾನ ಆಗುತ್ತೆ, ಮಕ್ಕಳು ಅಲ್ಲಾಡುತ್ತವೆ, ಅದನ್ನೂ ಜನ ಫೋಕಸ್ ತಪ್ಪಿದೆ ಅಂತಾರೆ. ಶಟರ್ 1/125 ಸೆಕೆಂಡಿಗಿಂತ ನಿಧಾನ ಮಾಡಬೇಡಿ, ಬೇಕಾದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ. ಆಮೇಲೆ 24ರಲ್ಲಿ ಅಂಚಿಗೆ ನಿಂತವರು ಅಡ್ಡಡ್ಡ ಎಳೆದಂತೆ ಕಾಣ್ತಾರೆ. ಒಂದು ಮದುವೆಯಲ್ಲಿ ಗಂಡಿನ ಸೋದರತ್ತೆಯನ್ನ ಅಂಚಿಗೆ ನಿಲ್ಲಿಸಿ ಅನುಭವಿಸಿದ್ದೀನಿ. ಜಾಗ ಇದ್ದರೆ ಎರಡು ಹೆಜ್ಜೆ ಹಿಂದೆ ಸರಿದು 35ರಲ್ಲಿ ತೆಗೀರಿ. ಸಾಲನ್ನ ಸ್ವಲ್ಪ ಬಾಗಿಸಿ ನಿಲ್ಲಿಸೋರೂ ಇದಾರೆ. ಎಲ್ಲ ಲೆನ್ಸಿಗೂ ಅದು ಹೊಂದಲ್ಲ, ಮೊದಲು ಒಂದು ತೆಗೆದು ಝೂಮ್ ಮಾಡಿ ನೋಡಬೇಕು.

———

> ಅದಕ್ಕೆ ‘ಆಳ’ನೇ ಸರಿ.

ಆಳ ಬಾವಿಗೆ. ಸ್ಟೇಜ್ ಮೇಲೆ ಹಿಂದಿನ ಸಾಲು ಮುಳುಗಿದೆಯಾ?

———

ಕಾಡಿನ ಒಳಗೂ ಆಳಕ್ಕೆ ಹೋಗ್ತೀವಿ ಸಾರ್. ಅಲ್ಲಿ ಯಾರೂ ಮುಳುಗಲ್ಲ.

———

ಅಚ್ಚಿನವರು ಎರಡು ಸಲ ಫೋನ್ ಮಾಡಿದರು. ‘ಫೋಕಸ್ ಆಳ’ ಎಂದು ಹಾಕಿ ಕಳಿಸಿದೆ. ಮೊದಲ ಸಲ ಬರುವ ಕಡೆ ‘ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಮುಖ ಸ್ಪಷ್ಟವಾಗಿ ಬರುವ ದೂರ’ ಎಂದು ಬಿಡಿಸಿ ಬರೆದಿದ್ದೇನೆ. 1/125 ಮತ್ತು ಅಂಚಿನ ಮಾತೂ ಸೇರಿದೆ. ಸೋದರತ್ತೆಯನ್ನು ಬಿಟ್ಟೆ.

———

ಫೋಕಸ್ಸಾ? ಅಷ್ಟೆಲ್ಲ ಹೇಳಿದ್ದು ಸುಮ್ನೆ ಆಯ್ತು.