ಸಿಯೆರಾ ನೆವಾಡಾ ಪೇಲ್ ಏಲ್: ಹೊಗಳುವವರೆಲ್ಲ ಕೊಳ್ಳುವವರೇ? (ಚರ್ಚೆ)

ಕಹಿಪ್ರಿಯ

ಅಮೆರಿಕದ ಬಿಯರ್ ಕಂಪನಿ ಸಿಯೆರಾ ನೆವಾಡಾ, ಅದರ ಪೇಲ್ ಏಲ್ ಅನ್ನೋ ತಿಳಿಬಣ್ಣದ ಕಹಿ ಬಿಯರ್ ಹೆಸರು ಬಂದ್ರೆ ಸಾಕು, "ಪೇಲ್ ಏಲ್ ಅಂದ್ರೆ ಅದೇ, ಬೇರೆ ಮಾತಿಲ್ಲ" ಅಂತ ಎಲ್ಲರೂ ತಲೆ ಆಡಿಸ್ತಾರೆ. ಕೊನೇ ಸಲ ಯಾವಾಗ ಕೊಂಡ್ರಿ ಅಂತ ಕೇಳಿ ನೋಡಿ, ಉತ್ತರ ಬರಲ್ಲ. ಕೈಯಲ್ಲಿರೋದು ಈ ವಾರ ಬಂದು ಮುಂದಿನ ವಾರ ಕಾಣೆಯಾಗೋ ಯಾವುದೋ ಹೊಸ ಕ್ಯಾನ್. ಇಂಥ ಅಭಿಮಾನ ಕಟ್ಟಿಕೊಂಡು ಯಾವ ಬ್ರೂವರಿನೂ ನಡೆಯಲ್ಲ.

ಈ ಬಿಯರ್ ಸುಮ್ಮನೆ ಹುಟ್ಟಿದ್ದಲ್ಲ. 1980ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಚಿಕೋದಲ್ಲಿ ಕೆನ್ ಗ್ರಾಸ್‌ಮನ್, ಪಾಲ್ ಕಮೂಸಿ ಇಬ್ಬರೂ ಹಾಲಿನ ಡೈರಿಯ ಹಳೇ ಸಾಮಾನು ಜೋಡಿಸಿ ಕಟ್ಟಿದ ಬ್ರೂವರಿಯಲ್ಲಿ ಮೊದಲ ಬ್ಯಾಚ್ ಹಾಕಿದ್ರು. ಅದು ಸ್ಟೌಟ್ ಅನ್ನೋ ಕಪ್ಪು ಬಿಯರ್. ಆಮೇಲೆ ಪೇಲ್ ಏಲ್ ಶುರುವಾಯ್ತು. ಅಂದುಕೊಂಡ ರುಚಿ ಬರಲಿಲ್ಲ ಅಂತ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲೂ ಬ್ಯಾಚ್ ಮೇಲೆ ಬ್ಯಾಚ್ ಚರಂಡಿಗೆ ಸುರಿದ್ರು. ಆಗ ಅಮೆರಿಕದಲ್ಲಿ ಎಲ್ಲಿ ನೋಡಿದ್ರೂ ಒಂದೇ ಥರದ ತಿಳಿ ಲಾಗರ್ ಬಿಯರ್. ಅಂಥ ಹೊತ್ತಲ್ಲಿ, 1972ರಲ್ಲಷ್ಟೇ ಬೆಳೆಗಾರರ ಕೈಗೆ ಬಂದಿದ್ದ ಕ್ಯಾಸ್ಕೇಡ್ ತಳಿಯ ಹಾಪ್ಸನ್ನ (ಬಿಯರ್‌ಗೆ ಕಹಿ, ಘಮ ಕೊಡೋ ಹೂವು) ಧಾರಾಳವಾಗಿ ಹಾಕಿದ್ರು. ಗ್ಲಾಸಿಗೆ ಬಗ್ಗಿಸಿದ ತಕ್ಷಣ ಚಕ್ಕೋತದ ಸಿಪ್ಪೆ ಹಿಂಡಿದ ಹಾಗೆ ಏಳೋ ಆ ಘಮ, ಅದರ ಹಿಂದೆಯೇ ಪೈನ್, ಕೆಳಗೆ ಕ್ಯಾರಮೆಲ್ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ತೆಳ್ಳನೆ ಸಿಹಿ. ಆಲ್ಕೋಹಾಲ್ 5.6 ಪರ್ಸೆಂಟ್, ಕಹಿ 38 ಐಬಿಯು (ಬಿಯರ್‌ನ ಕಹಿ ಅಳೆಯೋ ಮಾನ). ಇವತ್ತು ಈ ಅಂಕಿ ಸಾಧಾರಣ ಅನ್ನಿಸಬಹುದು. ಆದ್ರೆ ಇವತ್ತಿನ ನಾಲಿಗೆಯನ್ನ ತಯಾರು ಮಾಡಿದ್ದೇ ಈ ಬಿಯರ್.

ಸ್ಯಾನ್‌ಫ್ರಾನ್ಸಿಸ್ಕೋದ ಆಂಕರ್ ಕಥೆ ಮರೀಬೇಡಿ. 1965ರಲ್ಲಿ ಮುಚ್ಚೋ ಸ್ಥಿತಿಯಲ್ಲಿದ್ದ ಆ ಬ್ರೂವರಿಯನ್ನ ಫ್ರಿಟ್ಜ್ ಮೇಟ್ಯಾಗ್ ಕೊಂಡು ಉಳಿಸಿದ್ರು. 1975ರಲ್ಲೇ ಲಿಬರ್ಟಿ ಏಲ್‌ಗೆ ಕ್ಯಾಸ್ಕೇಡ್ ಹಾಕಿದವರು ಅವರು. 2017ರಲ್ಲಿ ಜಪಾನಿನ ಬಿಯರ್ ಕಂಪನಿ ಸಪ್ಪೋರೊ ಕೈಗೆ ಹೋಯ್ತು, 2023ರ ಜುಲೈನಲ್ಲಿ ಮುಚ್ಚುತ್ತೀವಿ ಅಂತ ಪ್ರಕಟಣೆ ಬಂತು. ಪ್ರಕಟಣೆ ಬಂದ ಮೇಲೆ ಜನ ಸಾಲುಗಟ್ಟಿ ನಿಂತು ಕೊಂಡ್ರು. ಆ ಪ್ರೀತಿ ಅದಕ್ಕೂ ಹಿಂದಿನ ವರ್ಷಗಳಲ್ಲಿ ಎಲ್ಲಿತ್ತು? ನನ್ನ ಮಾತು ಇಷ್ಟೇ: ಇಷ್ಟವಾದ ಬಿಯರ್ ಉಳೀಬೇಕು ಅಂದ್ರೆ ಅದನ್ನ ತಪ್ಪದೆ ಕೊಳ್ಳಬೇಕು.

ಹೊಸರುಚಿ

ಕಹಿಪ್ರಿಯ ಸರ್, ಇತಿಹಾಸ ಚೆನ್ನಾಗಿ ಹೇಳಿದ್ರಿ, ಆದ್ರೆ ಅದೇ ಇತಿಹಾಸ ನಿಮ್ಮ ವಾದಕ್ಕೆ ಉಲ್ಟಾ ಹೊಡೀತಿದೆ. 1980ರ ದಶಕದಲ್ಲಿ ಆ ಪೇಲ್ ಏಲ್ ಕೊಂಡವರು ಯಾರು? ಅಪ್ಪ ಕುಡೀತಿದ್ದ ಲಾಗರ್ ಬಿಟ್ಟು ಬಂದವರು. ಅವರೆಲ್ಲ ಹಳೇದಕ್ಕೇ ಅಂಟಿಕೊಂಡಿದ್ರೆ ಗ್ರಾಸ್‌ಮನ್ ಅಂಗಡಿ ಒಂದೇ ವರ್ಷದಲ್ಲಿ ಮುಚ್ಚಬೇಕಿತ್ತು. ಹೊಸದನ್ನ ಹುಡುಕಿಕೊಂಡು ಹೋಗೋ ಗುಣದಿಂದಲೇ ಕ್ರಾಫ್ಟ್ ಬಿಯರ್ (ಸಣ್ಣ, ಸ್ವತಂತ್ರ ಬ್ರೂವರಿಗಳ ಬಿಯರ್) ಬೆಳೆದದ್ದು. ಈಗ ಅದೇ ಗುಣ ಇರೋ ಹುಡುಗರನ್ನ ಕಂಡ್ರೆ ಹಿರಿಯರಿಗೆ ಕೋಪ.

ಅಮೆರಿಕದಲ್ಲಿ ಈಗ 9,000ಕ್ಕೂ ಹೆಚ್ಚು ಬ್ರೂವರಿಗಳಿವೆ. ಅವುಗಳಲ್ಲಿ ಎಷ್ಟೋ ಜನ ಸಿಯೆರಾ ನೆವಾಡಾ ಹಾಕಿಕೊಟ್ಟ ದಾರಿಯಲ್ಲೇ ನಡೆದು ಅದಕ್ಕಿಂತ ಚೆನ್ನಾಗಿರೋ ಪೇಲ್ ಏಲ್ ಮಾಡ್ತಿದ್ದಾರೆ. ಅವರನ್ನ ಬಿಟ್ಟು ಋಣ ತೀರಿಸೋಕೆ ಅಂತ ನಾನು ಯಾಕೆ ಸಿಯೆರಾ ನೆವಾಡಾದ ಹಸಿರು ಲೇಬಲ್ಲೇ ಕೊಳ್ಳಬೇಕು? ಆಂಕರ್ ಮುಚ್ಚಿದ್ದಕ್ಕೂ ಕುಡಿಯೋರನ್ನ ಬೈಯೋದು ಸರಿಯಲ್ಲ. 2021ರಲ್ಲಿ ಅಷ್ಟು ಚಂದದ ಹಳೇ ಲೇಬಲ್ಲುಗಳನ್ನ ಬದಲಾಯಿಸಿ ಗುರುತೇ ಸಿಗದ ಹಾಗೆ ಮಾಡಿದ್ದು ಮಾಲೀಕರು, ಗಿರಾಕಿಗಳಲ್ಲ.

ಮನೆಬ್ರೂ

ನಾನು ಮನೆಯಲ್ಲೇ ಏಲ್ ಮಾಡೋನು, ಹಾಗಾಗಿ ಇಬ್ಬರೂ ಬಿಟ್ಟ ಒಂದು ವಿಷಯ ಹೇಳ್ತೀನಿ. ತಾಜಾತನ.

ಪೇಲ್ ಏಲ್ ಬಾಟಲಿ ಸಿಕ್ಕರೆ ಬೆಳಕಿಗೆ ಹಿಡಿದು ತಳ ನೋಡಿ. ಸಣ್ಣ ಪುಡಿ ಹಾಗೆ ಕೂತಿರುತ್ತೆ. ಅದು ಯೀಸ್ಟ್. ಬಾಟಲಿಯೊಳಗೇ ಎರಡನೇ ಸಲ ಹುದುಗು ಬರಿಸಿ ಗ್ಯಾಸ್ ಹುಟ್ಟಿಸೋ ಪದ್ಧತಿಯನ್ನ ಅವರು ಮೊದಲಿಂದ ಇಟ್ಟುಕೊಂಡಿದ್ದಾರೆ. ಒಳಗೆ ಉಳಿದಿರೋ ಆಕ್ಸಿಜನ್ನನ್ನ ಯೀಸ್ಟ್ ಒಂದಿಷ್ಟು ತಿಂದುಹಾಕುತ್ತೆ, ಅದರಿಂದ ಹಾಪ್ಸ್ ಘಮ ಸ್ವಲ್ಪ ಹೆಚ್ಚು ದಿನ ನಿಲ್ಲುತ್ತೆ. 2007ರಲ್ಲಿ ತಿರುಗಿಸಿ ತೆಗೆಯೋ ಮುಚ್ಚಳ ಬಿಟ್ಟು ಓಪನರ್ ಬೇಕಾಗೋ ಮುಚ್ಚಳಕ್ಕೆ ಬಂದದ್ದೂ ಇದೇ ಕಾರಣಕ್ಕೆ, ಗಾಳಿ ಕಡಿಮೆ ನುಸುಳಲಿ ಅಂತ. ಗಿರಾಕಿಗೆ ತೊಂದರೆ ಆದ್ರೂ ಪರವಾಗಿಲ್ಲ, ರುಚಿ ಕೆಡಬಾರದು ಅನ್ನೋ ತೀರ್ಮಾನ ಅದು. 2014ರಲ್ಲಿ ಉತ್ತರ ಕೆರೊಲಿನಾದ ಮಿಲ್ಸ್ ರಿವರ್‌ನಲ್ಲಿ ಇನ್ನೊಂದು ಬ್ರೂವರಿ ತೆರೆದ್ರು. ಪೂರ್ವ ಕರಾವಳಿಯವರಿಗೆ ಇಡೀ ದೇಶ ದಾಟಿ ಬಂದ ಬಿಯರೇ ಗತಿ ಅನ್ನೋದು ಆಗ ತಪ್ಪಿತು.

ಇಷ್ಟೆಲ್ಲ ಮಾಡಿದ್ರೂ ಕ್ಯಾಸ್ಕೇಡ್ ಘಮ ಶಾಶ್ವತ ಅಲ್ಲ. ತಿಂಗಳುಗಟ್ಟಲೆ ಬೆಚ್ಚಗಿನ ಕಪಾಟಲ್ಲಿ ಕೂತ ಪೇಲ್ ಏಲ್‌ನಲ್ಲಿ ಮಾಲ್ಟ್ ಮಾತ್ರ ಉಳಿಯುತ್ತೆ, ಒದ್ದೆ ರಟ್ಟಿನ ವಾಸನೆ ಶುರುವಾಗುತ್ತೆ. ಮೊದಲ ಸಲ ಅದನ್ನ ಕುಡಿದವನು "ಇದಕ್ಕಾ ಇಷ್ಟು ಹೆಸರು?" ಅಂತ ಬಿಡ್ತಾನೆ. ಅವನು ಬಿಟ್ಟಿದ್ದಕ್ಕೆ ಮುಂದಿನ ಸಿಕ್ಸ್‌ಪ್ಯಾಕ್ ಇನ್ನೂ ಹೆಚ್ಚು ದಿನ ಕೂರುತ್ತೆ. ಕ್ಲಾಸಿಕ್ ಬಿಯರ್‌ಗಳು ಸಾಯೋದು ಹೀಗೆ. ಆದ್ದರಿಂದ ಹೊಸರುಚಿ ಅವರೇ, "ಇವರದ್ದಕ್ಕಿಂತ ಚೆನ್ನಾಗಿದೆ" ಅಂತ ಹೋಲಿಸುವಾಗ ಎರಡರ ಪ್ಯಾಕಿಂಗ್ ದಿನಾಂಕವನ್ನೂ ನೋಡಿದ್ರಾ? ನಿನ್ನೆ ತುಂಬಿದ ಕ್ಯಾನ್‌ಗೂ ಕಪಾಟಿನಲ್ಲಿ ಧೂಳು ಹಿಡಿದ ಬಾಟಲಿಗೂ ಪೈಪೋಟಿ ಇಟ್ರೆ ಅದು ನ್ಯಾಯ ಅಲ್ಲ.

ಹೊಸರುಚಿ

ದಿನಾಂಕದ ಮಾತು ನ್ಯಾಯವಾದದ್ದೇ. ಆದ್ರೆ ಗಿರಾಕಿಗೆ ಸಿಗೋದು ಕಪಾಟಲ್ಲಿ ಇರೋ ಬಾಟಲಿ ತಾನೇ? ಕಾಗದದ ಮೇಲಿನ ರೆಸಿಪಿಯನ್ನ ಯಾರೂ ಕುಡಿಯಲ್ಲ.

ನೊರೆಗೆರೆ

ನಾನು ಈ ಬ್ರೂವರಿಗೆ ಬಂದದ್ದೇ ಹೇಜಿ ಲಿಟಲ್ ಥಿಂಗ್ ಮೂಲಕ. 2018ರಲ್ಲಿ ಅದು ಬಂದಾಗ ಹಳಬರು ಮುಖ ಸಿಂಡರಿಸಿದ್ದು ನೆನಪಿದೆ. ಓಟ್ಸ್, ಗೋಧಿ ಹಾಕಿ, ಫಿಲ್ಟರ್ ಮಾಡದೆ ಮಸುಕಾಗೇ ಬಿಟ್ಟ ಐಪಿಎ (ಹಾಪ್ಸ್ ಜೋರಾಗಿರೋ ಏಲ್), ಕಹಿ ಪೇಲ್ ಏಲ್‌ಗಿಂತ ತುಸು ಕಡಿಮೆಯೇ. "ಸಿಯೆರಾ ನೆವಾಡಾ ಕೂಡ ಟ್ರೆಂಡ್ ಹಿಂದೆ ಓಡ್ತಿದೆ" ಅಂದ್ರು. ನನ್ನ ಪ್ರಕಾರ ಆ ಕ್ಯಾನ್ ಬ್ರೂವರಿಗೆ ಉಸಿರು ಕೊಟ್ಟಿತು. ಅದು ಜೋರಾಗಿ ಮಾರಿದ್ದಕ್ಕೇ ಅವರದೇ ಬಿಗ್‌ಫುಟ್‌ನಂಥ, ಲಾಭದ ಲೆಕ್ಕಕ್ಕೆ ಸಿಗದ ಬಿಯರ್‌ಗಳಿಗೆ ಇನ್ನೂ ಟ್ಯಾಂಕ್ ಸಿಗ್ತಿದೆ ಅಂತ ನಾನು ನಂಬ್ತೀನಿ. ನಾನೂ ಅಲ್ಲಿಗೇ ನಿಲ್ಲಲಿಲ್ಲ. ಅವರದೇ ಟಾರ್ಪೆಡೊ ಕುಡಿದೆ, ಸೆಲೆಬ್ರೇಷನ್ ಕುಡಿದೆ, ಪೇಲ್ ಏಲ್‌ಗೆ ಬಂದದ್ದು ಕೊನೆಗೆ. ಹಾಗಾಗಿ ನಿಷ್ಠೆ ಒಂದೇ ಬಿಯರ್‌ಗೆ ಇರಬೇಕಿಲ್ಲ, ಇಡೀ ಸಾಲಿಗೆ ಇರಬಹುದು.

ಇನ್ನೊಂದು, ಮಾಲೀಕತ್ವ. 2011ರಲ್ಲಿ ಗೂಸ್ ಐಲ್ಯಾಂಡ್ ಬ್ರೂವರಿ ದೊಡ್ಡ ಕಂಪನಿಯ ಪಾಲಾಯ್ತು. ಲಗುನಿಟಾಸ್‌ನಲ್ಲಿ 2015ರಲ್ಲಿ ಅರ್ಧ, 2017ರಲ್ಲಿ ಉಳಿದರ್ಧ ಹೈನೆಕೆನ್‌ಗೆ ಹೋಯ್ತು. ಬ್ಯಾಲಸ್ಟ್ ಪಾಯಿಂಟನ್ನ 2015ರಲ್ಲಿ 1 ಬಿಲಿಯನ್ ಡಾಲರ್ ಕೊಟ್ಟು ಕೊಂಡವರು ನಾಲ್ಕೇ ವರ್ಷದಲ್ಲಿ ಕೈ ತೊಳೆದುಕೊಂಡ್ರು. ಸಿಯೆರಾ ನೆವಾಡಾ ಮಾತ್ರ ಇವತ್ತಿಗೂ ಗ್ರಾಸ್‌ಮನ್ ಮನೆತನದ ಕೈಯಲ್ಲೇ ಇದೆ. ಕೇಳಿದಷ್ಟು ಕೊಡೋರು ಬಾಗಿಲಿಗೆ ಬರ್ತಿದ್ದ ಕಾಲದಲ್ಲಿ ಮಾರದೆ ಉಳಿಯೋದು ಸಣ್ಣ ಮಾತಲ್ಲ. ನನ್ನ ದುಡ್ಡು ಯಾರ ಕೈ ಸೇರುತ್ತೆ ಅನ್ನೋದು ನನಗೆ ಮುಖ್ಯ.

ಎರಡನೇ ಗ್ಲಾಸ್

ನೊರೆಗೆರೆ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. 2018ರ ನವೆಂಬರ್‌ನಲ್ಲಿ ಚಿಕೋ ಪಕ್ಕದ ಪ್ಯಾರಡೈಸ್ ಊರು ಕ್ಯಾಂಪ್ ಫೈರ್ ಕಾಳ್ಗಿಚ್ಚಿಗೆ ಸುಟ್ಟು ಬೂದಿಯಾಯ್ತಲ್ಲ, ಆಗ ಇವರು ರೆಸಿಲಿಯನ್ಸ್ ಅನ್ನೋ ಐಪಿಎ ರೆಸಿಪಿ ಬರೆದು, "ನೀವೂ ಮಾಡಿ, ಬಂದ ಹಣ ಸಂತ್ರಸ್ತರಿಗೆ ಕೊಡಿ" ಅಂತ ಬೇರೆ ಬ್ರೂವರಿಗಳನ್ನ ಕೇಳಿಕೊಂಡ್ರು. ಸಾವಿರಕ್ಕೂ ಹೆಚ್ಚು ಬ್ರೂವರಿಗಳು ಕೈ ಜೋಡಿಸಿದ್ವು. ಪೈಪೋಟಿಯವರೇ ಹಾಗೆ ಬಂದು ನಿಲ್ಲಬೇಕಾದ್ರೆ ಹಿಂದೆ ಅಷ್ಟು ವರ್ಷದ ಒಳ್ಳೇ ನಡತೆ ಇರಬೇಕು. ಅವತ್ತಿಂದ ನಾನು ಈ ಬ್ರೂವರಿಯವನು.

ಚಳಿಗಾಲ

ಎಲ್ಲರೂ ಪೇಲ್ ಏಲ್ ಸುತ್ತಲೇ ಸುತ್ತುತ್ತಿದ್ದೀರಿ. ನನ್ನನ್ನು ಈ ಬ್ರೂವರಿಗೆ ಕಟ್ಟಿಹಾಕಿರುವುದು ಸೆಲೆಬ್ರೇಷನ್ ಮತ್ತು ಬಿಗ್‌ಫುಟ್.

ಸೆಲೆಬ್ರೇಷನ್ 1981ರಿಂದ ಬರುತ್ತಿದೆ. ಕೆಂಪು ಲೇಬಲ್, ಹಿಮದಲ್ಲೊಂದು ಮನೆ. ಹಬ್ಬದ ಬಿಯರ್ ಅಂತ ದಾಲ್ಚಿನ್ನಿ, ಲವಂಗ ನಿರೀಕ್ಷಿಸಿದವರಿಗೆ ನಿರಾಸೆ. ಅದರಲ್ಲಿ ಮಸಾಲೆಯೇ ಇಲ್ಲ. ಆ ವರ್ಷದ ಕೊಯ್ಲಿನ ಮೊದಲ ಕ್ಯಾಸ್ಕೇಡ್, ಸೆಂಟೆನಿಯಲ್, ಚಿನೂಕ್ ಹಾಪ್ಸ್ ಒಣಗಿದ ಕೂಡಲೇ ತಂದು ಹಾಕುತ್ತಾರೆ. ತಾಮ್ರದ ಬಣ್ಣ, 6.8 ಪರ್ಸೆಂಟ್. ಮಳೆ ಬಿಸಿಲಿನ ಪ್ರಕಾರ ಹಾಪ್ಸ್ ವರ್ಷದಿಂದ ವರ್ಷಕ್ಕೆ ಬೇರೆಯಾಗುತ್ತದೆ, ಬಿಯರ್ ಕೂಡ. ಒಂದು ವರ್ಷ ಪೈನ್ ಮುಂದೆ, ಇನ್ನೊಂದು ವರ್ಷ ಕಿತ್ತಳೆ ಮುಂದೆ. ರೆಸಿಪಿ ಒಂದೇ ಇದ್ದರೂ ಪ್ರತಿ ವರ್ಷ ಕಾಯುವುದಕ್ಕೆ ಕಾರಣ ಸಿಗುತ್ತದೆ. ಹೊಸರುಚಿ ಅವರೇ, ಹೊಸತು ಬೇಕು ಅನ್ನುವವರಿಗೂ ಇಲ್ಲಿ ಜಾಗವಿದೆ.

ಬಿಗ್‌ಫುಟ್ ಇದಕ್ಕೆ ತದ್ವಿರುದ್ಧ. 1983ರಿಂದ ಇರುವ ಬಾರ್ಲಿವೈನ್, ಅಂದರೆ ಆಲ್ಕೋಹಾಲ್ ಹೆಚ್ಚಿರುವ ಏಲ್, 9.6 ಪರ್ಸೆಂಟ್. ಹೊಸದರಲ್ಲಿ ಅದರ ಕಹಿ ನಾಲಿಗೆಯನ್ನು ಹಿಡಿದು ಅಲ್ಲಾಡಿಸುತ್ತದೆ. ಕತ್ತಲೆಯಲ್ಲಿ, ತಣ್ಣಗೆ, ನಿಲ್ಲಿಸಿ ಇಟ್ಟರೆ ವರ್ಷ ಕಳೆದಂತೆ ಕಹಿ ಹಿಂದೆ ಸರಿಯುತ್ತದೆ. ಬೆಲ್ಲದ ಪಾಕ, ಖರ್ಜೂರ, ಒಣದ್ರಾಕ್ಷಿ ಮೇಲೆ ಬರುತ್ತವೆ. ಬೇರೆ ಬೇರೆ ಇಸವಿಯ ಬಾಟಲಿಗಳನ್ನು ಒಟ್ಟಿಗೆ ತೆಗೆದು ಗೆಳೆಯರ ಜೊತೆ ಹೋಲಿಸಿ ಕುಡಿಯುವ ಸುಖವೇ ಬೇರೆ. ಮುಂದಿನ ವರ್ಷವೂ ಅದೇ ಬಿಯರ್ ಬರುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಯಾರು ಬಾಟಲಿ ಎತ್ತಿಡುತ್ತಾರೆ? ವಾರಕ್ಕೊಂದು ಹೆಸರು ಬದಲಾಯಿಸುವ ಬ್ರೂವರಿಯಿಂದ ಇದನ್ನು ನಿರೀಕ್ಷಿಸಲು ಸಾಧ್ಯವಿಲ್ಲ.

ಕಹಿಪ್ರಿಯ

ಚಳಿಗಾಲ ಅವರ ಮಾತು ಮನಸ್ಸಿಗೆ ಹತ್ತಿರವಾಯ್ತು. ನೊರೆಗೆರೆ ಅವರೇ, ಹೇಜಿ ಬಗ್ಗೆ ನನಗೆ ತಕರಾರಿಲ್ಲ, ಚೆನ್ನಾಗೇ ಮಾಡಿದ್ದಾರೆ. ಭಯ ಬೇರೆ. ಮಾರಾಟದ ತೂಕ ಪೂರ್ತಿ ಆ ಕಡೆ ವಾಲಿದ್ರೆ, ಒಂದು ದಿನ ಲೆಕ್ಕ ನೋಡೋರು "ಪೇಲ್ ಏಲನ್ನೂ ಕಾಲಕ್ಕೆ ತಕ್ಕ ಹಾಗೆ ಸ್ವಲ್ಪ ತಿದ್ದೋಣ" ಅಂತಾರೆ. ನ್ಯೂ ಬೆಲ್ಜಿಯಂ ಬ್ರೂವರಿಯವರ ಫ್ಯಾಟ್ ಟೈರ್‌ಗೆ ಆದದ್ದು ಇದೇ. 1991ರಿಂದ ಅವರ ಗುರುತೇ ಆಗಿದ್ದ ಆಂಬರ್ ಏಲ್, ಮಾರಾಟ ಇಳೀತಾ ಬಂತು, 2023ರ ಜನವರಿಯಲ್ಲಿ ಬಣ್ಣ ತಿಳಿ ಮಾಡಿ ರುಚಿ ಹಗುರ ಮಾಡಿ ಹೊಸ ಲೇಬಲ್ ಅಂಟಿಸಿದ್ರು. ಹಳೇ ಫ್ಯಾಟ್ ಟೈರ್ ಬೇಕು ಅಂದ್ರೆ ಎಲ್ಲಿಗೆ ಹೋಗೋದು?

ಹೊಸರುಚಿ

ಆದ್ರೆ ಆ ಮಾರಾಟ ಇಳಿದದ್ದು ಜನರ ರುಚಿ ಬದಲಾದ್ದರಿಂದ. ಯಾರೂ ಕೊಳ್ಳದ ಬಿಯರನ್ನ ಬರೀ ಮರ್ಯಾದೆಗೆ ಅಂತ ಎಷ್ಟು ವರ್ಷ ಮಾಡ್ತಾರೆ? ಬ್ರೂವರಿಗೂ ಸಂಬಳ ಕೊಡೋ ಜವಾಬ್ದಾರಿ ಇದೆ, ನೂರಾರು ಕುಟುಂಬ ಅದನ್ನ ನಂಬಿಕೊಂಡಿರುತ್ತೆ.

ಮನೆಬ್ರೂ

ಬದಲಾಯಿಸಲಿ, ಹೊಸ ಹೆಸರಿಟ್ಟು ಪಕ್ಕದಲ್ಲಿ ನಿಲ್ಲಿಸಲಿ. ಸಿಯೆರಾ ನೆವಾಡಾ ಮಾಡಿದ್ದು ಅದನ್ನೇ. ಹಾಪ್ಸ್ ಘಮ ಹೆಚ್ಚು ಬೇಕು ಅಂತ ಜನ ಕೇಳಿದಾಗ ಪೇಲ್ ಏಲನ್ನ ಮುಟ್ಟಲಿಲ್ಲ, ಇಡೀ ಹೂವಿನ ಹಾಪ್ಸ್ ತುಂಬಿದ ಸ್ಟೀಲ್ ಕೊಳವೆಯೊಳಗೆ ಬಿಯರ್ ಹಾಯಿಸೋ ಸಾಧನವನ್ನೇ ಕಂಡುಹಿಡಿದು 2009ರಲ್ಲಿ ಟಾರ್ಪೆಡೊ ತಂದ್ರು. ಮಸುಕು ಬೇಕು ಅಂದಾಗ ಹೇಜಿ ತಂದ್ರು. ಹಳೇದು ಅದರ ಪಾಡಿಗೆ ಅದು ಇದೆ. ನನ್ನ ಮನೇಲಿ ಏಲ್ ಹುದುಗಿಸೋ ಯೀಸ್ಟಿಗೂ ಸಿಯೆರಾ ನೆವಾಡಾದ ಊರಿನ ಹೆಸರಲ್ಲಿ ಎಲ್ಲರೂ ಚಿಕೋ ಅಂತಲೇ ಕರೆಯೋದು. ಹೊಸರುಚಿ ಅವರು ಮೆಚ್ಚೋ ಹೊಸ ಬ್ರೂವರಿಗಳ ಪೇಲ್ ಏಲ್‌ಗಳಲ್ಲೂ ಅದೇ ಯೀಸ್ಟ್ ಕೆಲಸ ಮಾಡ್ತಿರೋ ಸಾಧ್ಯತೆ ಜಾಸ್ತಿ.

ಎರಡನೇ ಗ್ಲಾಸ್

2017ರ ಜನವರಿಯಲ್ಲಿ ಮಿಲ್ಸ್ ರಿವರ್‌ನ ಕೆಲವು ಬಾಟಲಿಗಳಲ್ಲಿ ಗಾಜಿನ ದೋಷ ಕಂಡಾಗ 36 ರಾಜ್ಯಗಳಿಂದ ತಾವಾಗೇ ವಾಪಸ್ ಕರೆಸಿಕೊಂಡಿದ್ದೂ ಇವರೇ. ನಂಬಿಕೆ ಬರೋದು ಇಂಥದ್ದರಿಂದ, ಇತಿಹಾಸದ ಪಾಠದಿಂದಲ್ಲ.

ನೊರೆಗೆರೆ

ಹೊಸರುಚಿ, ಋಣ ತೀರಿಸೋಕೆ ಕೊಳ್ಳಿ ಅಂತ ಯಾರೂ ಹೇಳ್ತಿಲ್ಲ. ಫ್ರಿಜ್‌ನಲ್ಲಿಟ್ಟ, ದಿನಾಂಕ ಹತ್ತಿರ ಇರೋ ಪೇಲ್ ಏಲ್ ಹುಡುಕಿ, ದೊಡ್ಡ ಗ್ಲಾಸಿಗೆ ಬಗ್ಗಿಸಿ. ಕೊನೇ ಗುಟುಕಿನಷ್ಟು ಬಾಟಲಿಯಲ್ಲಿ ಉಳಿಸಿ, ಮೆಲ್ಲಗೆ ತಿರುಗಿಸಿ, ಆ ಯೀಸ್ಟನ್ನೂ ಮೇಲೆ ಸುರೀರಿ. ಐಸ್‌ನಷ್ಟು ತಣ್ಣಗೆ ಬೇಡ, ಐದು ನಿಮಿಷ ಬಿಟ್ಟು ಕುಡೀರಿ. ಆಮೇಲೂ ಹೊಸಬರದ್ದೇ ಚೆನ್ನ ಅನ್ನಿಸಿದ್ರೆ ನಾನು ವಾದ ಮಾಡಲ್ಲ.

ಹೊಸರುಚಿ

ಮಾಡ್ತೀನಿ ಅಕ್ಕ. ಆದ್ರೆ ಪಕ್ಕದಲ್ಲಿ ಅದೇ ವಾರ ತುಂಬಿದ ಬೇರೆಯವರ ಪೇಲ್ ಏಲ್ ಒಂದನ್ನೂ ಇಟ್ಟುಕೊಂಡು, ಯಾವುದು ಯಾವುದು ಅಂತ ಗೊತ್ತಾಗದ ಹಾಗೆ ಬೇರೆಯವರ ಕೈಲಿ ಬಗ್ಗಿಸಿಕೊಂಡು ಕುಡೀತೀನಿ. ಕಹಿಪ್ರಿಯ ಸರ್, ನೀವೂ ಹಾಗೇ ಮಾಡಿ. ಲೇಬಲ್ ಕಾಣದಿದ್ದಾಗಲೂ ನಿಮ್ಮ ಕೈ ಅದೇ ಗ್ಲಾಸಿಗೆ ಹೋದ್ರೆ ನಿಮ್ಮ ಮಾತು ಒಪ್ಕೋತೀನಿ.

ಕಹಿಪ್ರಿಯ

ಆಗಲಿ. ಎರಡರ ದಿನಾಂಕವನ್ನೂ ಇಲ್ಲಿ ಬರೀರಿ, ನಾನೂ ಬರೀತೀನಿ.