ಅಪ್‌ಡೇಟ್: ದ್ರಾಕ್ಷಿ ಎಲೆ ಸುರುಳಿ ಈ ಸಲ ಬಿಚ್ಚಲಿಲ್ಲ

ಲೆಬನಾನಿನ ಮನೆಗಳಲ್ಲಿ ಮಾಡುವ, ಮಾಂಸ ಹಾಕದ ವರಕ್ ಎನಬ್ (ದ್ರಾಕ್ಷಿ ಎಲೆಯಲ್ಲಿ ಅಕ್ಕಿಯ ಹೂರಣ ಸುತ್ತಿ ಬೇಯಿಸುವ ಅಡುಗೆ) ಬೇಯುವಾಗ ಬಿಚ್ಚದ ಹಾಗೆ ಏನು ಮಾಡಬೇಕು ಅಂತ ಕೇಳಿದ್ದೆ ಅಲ್ವಾ? ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್, ತುಂಬಾ ಚೆನ್ನಾಗಿ ಬಂತು.

ಉಪ್ಪು ನೀರಿನಲ್ಲಿ ಹಾಕಿಟ್ಟ ಬಾಟಲಿಯ ದ್ರಾಕ್ಷಿ ಎಲೆಯನ್ನು ಬಿಸಿ ನೀರಲ್ಲಿ ನೆನೆಸಿ ಉಪ್ಪು ತೆಗೆದೆ. ನರ ಇರುವ ಬದಿ ಮೇಲೆ ಬರುವಂತೆ ಹರಡಿ, ತೊಟ್ಟು ಕತ್ತರಿಸಿ, ಹೂರಣ ಸ್ವಲ್ಪವೇ ಇಟ್ಟು ಬೆರಳಿನಷ್ಟು ಸಣ್ಣಗೆ ಸುತ್ತಿದೆ. ಹಸಿ ಅಕ್ಕಿ ಬೇಯುತ್ತಾ ಉಬ್ಬುತ್ತದೆ, ಅದಕ್ಕೆ ತುಂಬಾ ಬಿಗಿ ಬೇಡ. ಹೂರಣಕ್ಕೆ ಗಿಡ್ಡ ಅಕ್ಕಿ, ಟೊಮೆಟೊ, ಈರುಳ್ಳಿ, ಪುದೀನ, ಜಾಸ್ತಿಯೇ ಪಾರ್ಸ್ಲಿ ಸೊಪ್ಪು, ನಿಂಬೆ ರಸ, ಆಲಿವ್ ಎಣ್ಣೆ. ಇದರಿಂದ ಬಸಿದ ರಸವನ್ನು ಚೆಲ್ಲಬೇಡಿ, ಪಾತ್ರೆಗೇ ಸುರಿಯಿರಿ, ರುಚಿಯೆಲ್ಲ ಅದರಲ್ಲೇ ಇದೆ.

ನಿಜವಾಗಿ ಕೆಲಸ ಮಾಡಿದ್ದು ತಟ್ಟೆಯ ಉಪಾಯ. ತಳದಲ್ಲಿ ಆಲೂಗಡ್ಡೆ ಬಿಲ್ಲೆ, ಅದರ ಮೇಲೆ ಸುರುಳಿಗಳನ್ನು ಸಂದಿಲ್ಲದೆ ಜೋಡಿಸಿ, ಒಂದು ತಟ್ಟೆ ಬೋರಲು ಹಾಕಿ, ಮುಳುಗುವಷ್ಟು ನೀರು, ನಿಂಬೆ, ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ಸುಮಾರು 1 ಗಂಟೆ. ಆಮೇಲೆ ಪಾತ್ರೆಯಲ್ಲೇ ಆರಲು ಬಿಡಬೇಕು.

ಎಣ್ಣೆ ಕಡಿಮೆ ಮಾಡಬಹುದಾ ಅಂತ ಒಬ್ಬರು ಕೇಳಿದ್ದರು. ದಯವಿಟ್ಟು ಮಾಡಬೇಡಿ. ಇದನ್ನು ತಣ್ಣಗೆ ತಿನ್ನುವುದು, ತುಪ್ಪವಾದರೆ ಹೆಪ್ಪುಗಟ್ಟುತ್ತದೆ, ಆಲಿವ್ ಎಣ್ಣೆ ಅಷ್ಟು ಸುಲಭವಾಗಿ ಹಾಗಾಗುವುದಿಲ್ಲ. ಅಲ್ಲಿನ ಕ್ರೈಸ್ತರು ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಮಾಡುವ ಅಡುಗೆಯೂ ಹೌದು, ಮಾಂಸ, ಬೆಣ್ಣೆ ಇಲ್ಲದ ಊಟಕ್ಕೆ ಎಣ್ಣೆಯೇ ಜೀವ.

ಮುಂದೆ ಕುರಿಮಾಂಸದ್ದು ಮಾಡಬೇಕು, ಅದನ್ನು ಬಿಸಿಯಾಗಿ ತಿನ್ನುತ್ತಾರೆ. ತಳಕ್ಕೆ ಪಕ್ಕೆಲುಬಿನ ತುಂಡು ಹಾಕಿ ಮಾಡಿದವರು ಯಾರಾದರೂ ಇದ್ದರೆ ಎಷ್ಟು ಹೊತ್ತು ಬೇಯಿಸಿದಿರಿ ಹೇಳಿ.